ನಿಲ್ಲಿಸಿದ ಲಾರಿಯಲ್ಲಿ ಬ್ಯಾಟರಿ ಇಳಿಯುವುದೇಕೆ? ಹೊಸ ಬ್ಯಾಟರಿ ಕೊಳ್ಳುವ ಮೊದಲು ನೋಡಬೇಕಾದ ಅಳತೆಗಳು

ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಅಥವಾ ಮಳೆಗಾಲದಲ್ಲಿ ಬಾಡಿಗೆ ಕಡಿಮೆಯಾದಾಗ ಲಾರಿಗಳು ವಾರಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುತ್ತವೆ. ಮತ್ತೆ ಲೋಡು ಸಿಕ್ಕಿದ ದಿನ ಕೀಲಿ ತಿರುಗಿಸಿದರೆ ಸೆಲ್ಫ್ ಕಟಕಟ ಎಂದು ಸುಮ್ಮನಾಗುತ್ತದೆ. ಆಗ ಹೆಚ್ಚಿನವರು ಬರುವ ತೀರ್ಮಾನ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಬೇಕು. ಲಾರಿಗೆ ಬೇಕಾಗುವ ಎರಡು ಬ್ಯಾಟರಿಗಳ ಬೆಲೆ ಒಂಟಿ ಲಾರಿಯ ಮಾಲೀಕನಿಗೆ ಸಣ್ಣ ಮೊತ್ತವೇನಲ್ಲ. ಅಷ್ಟು ಖರ್ಚು ಮಾಡಿದ ಮೇಲೂ ಮುಂದಿನ ಸಲ ಲಾರಿ ನಿಂತಾಗ ಹೊಸ ಬ್ಯಾಟರಿಗಳೂ ಹೀಗೆಯೇ ಇಳಿದುಹೋದರೆ, ದೋಷ ಬೇರೆಲ್ಲೋ ಇತ್ತೆಂದು ತಿಳಿಯುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ವೋಲ್ಟೇಜ್ ಇಳಿದಿದೆ ಎಂಬುದು ಜ್ವರ ಬಂದಿದೆ ಎಂಬಂಥ ಮಾತು. ಏಕೆ ಬಂತು ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದು ಸಾಧಾರಣ ಮಲ್ಟಿಮೀಟರ್, ಸಾಧ್ಯವಾದರೆ ವೈರಿನ ಸುತ್ತ ಹಿಡಿದು ಕರೆಂಟ್ ನೋಡುವ, ಡಿಸಿ ಅಳೆಯಬಲ್ಲ ಕ್ಲಾಂಪ್ ಮೀಟರ್, ಮತ್ತು ಒಂದೆರಡು ದಿನದ ತಾಳ್ಮೆ ಸಾಕು.

ಕಾರಣಗಳು ಮೂರು ಗುಂಪಿಗೆ ಸೇರುತ್ತವೆ. ಬ್ಯಾಟರಿ ತಾನೇ ಚಾರ್ಜ್ ಹಿಡಿದಿಟ್ಟುಕೊಳ್ಳಲಾರದಂತೆ ಹಾಳಾಗಿರಬಹುದು. ಲಾರಿ ಓಡುವಾಗ ಅದು ಪೂರ್ತಿ ಚಾರ್ಜ್ ಆಗದೆ ಇರಬಹುದು. ಇಲ್ಲವೇ ಲಾರಿ ನಿಂತಿರುವಾಗ ಯಾವುದೋ ಉಪಕರಣ ಸದ್ದಿಲ್ಲದೆ ಕರೆಂಟ್ ಎಳೆಯುತ್ತಿರಬಹುದು. ಇವು ಒಂದನ್ನೊಂದು ಹುಟ್ಟಿಸುವುದೂ ಉಂಟು. ಪದೇಪದೇ ಪೂರ್ತಿ ಇಳಿದ ಬ್ಯಾಟರಿ ಕೊನೆಗೆ ನಿಜವಾಗಿಯೂ ಹಾಳಾಗುತ್ತದೆ, ಆಗ ಮೂಲ ಕಾರಣವು ಅದರ ಹಿಂದೆ ಅಡಗಿಕೊಳ್ಳುತ್ತದೆ. ಆದ್ದರಿಂದ ಯಾವ ಅಳತೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದು ಸ್ಪಷ್ಟವಾಗಿರಬೇಕು.

ಮೊದಲ ಅಳತೆ ವಿಶ್ರಾಂತ ವೋಲ್ಟೇಜಿನದು. ಲೆಡ್-ಆ್ಯಸಿಡ್ ಬ್ಯಾಟರಿಯ ಒಂದೊಂದು ಸೆಲ್ ಪೂರ್ತಿ ಚಾರ್ಜಿನಲ್ಲಿ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಸೆಲ್ ಸೇರಿದಾಗ 12.6ರಿಂದ 12.7 ವೋಲ್ಟ್. 12.4 ಇದ್ದರೆ ಸುಮಾರು ಮುಕ್ಕಾಲು ಭಾಗ, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗದಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯಬಹುದು, 11.8ಕ್ಕೆ ಬಂದರೆ ಅದು ಬರಿದಾದಂತೆಯೇ. ಪೂರ್ತಿ ತುಂಬಿದ ಬ್ಯಾಟರಿಗೂ ಪೂರ್ತಿ ಖಾಲಿಯಾದದ್ದಕ್ಕೂ ನಡುವೆ ಒಂದು ವೋಲ್ಟಿನ ಅಂತರವೂ ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. "ಹನ್ನೆರಡು ವೋಲ್ಟ್ ಇದೆ, ಬ್ಯಾಟರಿ ಸರಿಯಿದೆ" ಎಂಬ ಮಾತು ಈ ಕಾರಣದಿಂದಲೇ ತಪ್ಪು ದಾರಿ ಹಿಡಿಸುತ್ತದೆ. ಈ ಅಂಕಿಗಳು ಹೊಂದುವುದು ಬ್ಯಾಟರಿ ಹಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ ಮಾತ್ರ. ಈಗಷ್ಟೇ ಓಡಿ ನಿಂತ ಲಾರಿಯಲ್ಲಿ ಬ್ಯಾಟರಿಯೊಳಗಿನ ಫಲಕಗಳ ಮೇಲ್ಮೈಯಲ್ಲಿ ಉಳಿದ ಚಾರ್ಜಿನಿಂದಾಗಿ ದುರ್ಬಲ ಬ್ಯಾಟರಿಯೂ 13 ವೋಲ್ಟ್ ತೋರಿಸಬಲ್ಲದು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯುವುದು ಉತ್ತಮ. ಅಷ್ಟು ಸಮಯವಿಲ್ಲದಿದ್ದರೆ ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆದರೆ ನಿಜಕ್ಕೆ ಹತ್ತಿರದ ಅಂಕಿ ಸಿಗುತ್ತದೆ.

ಲಾರಿಯ ವಿಷಯ ಕಾರಿನಂತಲ್ಲ. ಬಹುತೇಕ ಭಾರಿ ಲಾರಿಗಳ ವ್ಯವಸ್ಥೆ 24 ವೋಲ್ಟಿನದು; ಅಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿರುತ್ತಾರೆ. ಮೊದಲನೆಯದರ ನೆಗೆಟಿವ್ ಛಾಸಿಗೆ, ಅಂದರೆ ಬಾಡಿ ಅರ್ಥ್‌ಗೆ ಸೇರಿರುತ್ತದೆ. ಅದರ ಪಾಸಿಟಿವ್‌ನಿಂದ ಎರಡನೆಯದರ ನೆಗೆಟಿವ್‌ಗೆ ಒಂದು ಕೊಂಡಿ ಕೇಬಲ್. ಎರಡನೆಯದರ ಪಾಸಿಟಿವ್‌ನಿಂದ ಲಾರಿಗೆ 24 ವೋಲ್ಟ್. ಅಳೆಯುವವರು ಸಾಮಾನ್ಯವಾಗಿ ಎರಡು ತುದಿಗಳಿಗೆ ಮೀಟರ್ ಹಿಡಿದು ಒಟ್ಟು ವೋಲ್ಟೇಜ್ ನೋಡಿ ನಿಲ್ಲಿಸುತ್ತಾರೆ. ಒಟ್ಟು 24.4 ವೋಲ್ಟ್ ಬಂತೆನ್ನಿ. ಎರಡೂ 12.2ರಲ್ಲಿದ್ದು ಸಮನಾಗಿ ಅರ್ಧ ಇಳಿದಿರಬಹುದು. ಇಲ್ಲವೇ ಒಂದು 12.7ರಲ್ಲಿ ಪೂರ್ತಿ ತುಂಬಿದ್ದು ಇನ್ನೊಂದು 11.7ರಲ್ಲಿ ಬರಿದಾಗಿರಬಹುದು. ಈ ಎರಡು ಸ್ಥಿತಿಗಳ ಕಾರಣವೂ ಬೇರೆ, ಪರಿಹಾರವೂ ಬೇರೆ. ಹಾಗಾಗಿ ಪ್ರತಿ ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆಯುವುದನ್ನು ಯಾರೂ ಬಿಡಬಾರದು. ನನ್ನ ಮಟ್ಟಿಗೆ ಲಾರಿಯ ಬ್ಯಾಟರಿ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ತಿಳಿಸುವ ಅಳತೆ ಬೇರೆ ಇಲ್ಲ.

ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತದೆ ಎಂದ ಮೇಲೆ ಒಂದು ಮಾತ್ರ ಏಕೆ ಇಳಿಯಬೇಕು? ನಮ್ಮ ಲಾರಿಗಳಲ್ಲಿ ಇದಕ್ಕೆ ಬಹು ಸಾಮಾನ್ಯವಾದ ಕಾರಣ, ನಡುವಿನ ಕೊಂಡಿಯಿಂದ ತೆಗೆದ 12 ವೋಲ್ಟಿನ ವೈರು. ಕ್ಯಾಬಿನ್ನಿನ ಫ್ಯಾನು, ಮ್ಯೂಸಿಕ್ ಸಿಸ್ಟಂ, ಮೊಬೈಲ್ ಚಾರ್ಜರ್, ಅಲಂಕಾರದ ಎಲ್‌ಇಡಿ ದೀಪ ಇವೆಲ್ಲ ಅಂಗಡಿಯಲ್ಲಿ 12 ವೋಲ್ಟಿನವೇ ಸುಲಭವಾಗಿ ಸಿಗುವುದರಿಂದ ಅವನ್ನು ಅರ್ಥ್‌ಗೆ ಸೇರಿದ ಬ್ಯಾಟರಿಯೊಂದರಿಂದಲೇ ನಡೆಸುವ ರೂಢಿ ಬೆಳೆದಿದೆ. ಎರಡು ಆಂಪಿಯರ್ ಎಳೆಯುವ ಫ್ಯಾನು ಚಾಲಕ ಮಲಗಿರುವ ಎಂಟು ಗಂಟೆ ತಿರುಗಿದರೆ ಆ ಒಂದೇ ಬ್ಯಾಟರಿಯಿಂದ 16 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಹೋಲಿಸಿ ನೋಡಲು, ಸೆಲ್ಫ್ ಹೊಡೆಯುವಾಗ 400 ಆಂಪಿಯರ್‌ನಂತೆ ಮೂರು ಸೆಕೆಂಡ್ ಎಳೆದರೂ ಖರ್ಚಾಗುವುದು ಸುಮಾರು 0.33 ಆಂಪಿಯರ್-ಗಂಟೆ ಮಾತ್ರ. ಅಂದರೆ ಒಂದು ರಾತ್ರಿಯ ಫ್ಯಾನಿನಲ್ಲಿ ಹೆಚ್ಚುಕಡಿಮೆ 48 ಬಾರಿ ಲಾರಿ ಸ್ಟಾರ್ಟ್ ಮಾಡುವಷ್ಟು ಚಾರ್ಜ್ ಹೋಗುತ್ತದೆ. ಸೆಲ್ಫ್ ಭಾರಿ ಕರೆಂಟ್ ಎಳೆಯುತ್ತದೆ ನಿಜ, ಆದರೆ ಬ್ಯಾಟರಿ ಬರಿದಾಗುವುದು ಚಿಕ್ಕ ಕರೆಂಟ್ ಬಹಳ ಹೊತ್ತು ಹರಿಯುವುದರಿಂದ.

ಕೆಡುಕು ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಳಿಗ್ಗೆ ಲಾರಿ ಓಡತೊಡಗಿದಾಗ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಒಟ್ಟು 28 ವೋಲ್ಟ್ ಆಸುಪಾಸನ್ನು ಕಾಯ್ದುಕೊಳ್ಳುತ್ತದೆಯೇ ಹೊರತು ಅದು ಎರಡು ಬ್ಯಾಟರಿಗಳ ನಡುವೆ ಹೇಗೆ ಹಂಚಿಹೋಗುತ್ತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆಗಲೇ ತುಂಬಿರುವ ಎರಡನೆಯ ಬ್ಯಾಟರಿ 15 ವೋಲ್ಟಿಗೆ ಏರಿ ಕುದಿಯತೊಡಗಿದರೆ, ಹಸಿದಿರುವ ಮೊದಲನೆಯದಕ್ಕೆ ಉಳಿಯುವುದು 13 ವೋಲ್ಟ್ ಮಾತ್ರ. ಒಂದು ಅತಿಯಾಗಿ ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ, ಇನ್ನೊಂದು ಎಂದೂ ತುಂಬದೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಹೀಗೆ ಎರಡೂ ವಿರುದ್ಧ ಕಾರಣಗಳಿಂದ ಹಾಳಾಗುತ್ತವೆ. ಒಂದೇ ಬ್ಯಾಟರಿಗೆ ಮೇಲಿಂದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗಿ ಬರುತ್ತಿದ್ದರೆ ದೋಷವಿರುವುದು ಅದರಲ್ಲಿ ಎಂದುಕೊಳ್ಳದೆ, ಪಕ್ಕದ ಬ್ಯಾಟರಿಯ ವೋಲ್ಟೇಜನ್ನೂ ನೋಡಬೇಕು. ಇದಕ್ಕೆ ಸರಿಯಾದ ಪರಿಹಾರ 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕುವುದು ಅಥವಾ ಎರಡನ್ನೂ ಸಮತೂಗಿಸುವ ಈಕ್ವಲೈಜರ್ ಅಳವಡಿಸುವುದು. ಆಗಾಗ ಬ್ಯಾಟರಿಗಳ ಸ್ಥಾನ ಅದಲುಬದಲು ಮಾಡುವುದರಿಂದ ಹಾನಿ ಎರಡಕ್ಕೂ ಹಂಚಿಹೋಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಒಂದು ಹಳೆಯದು, ಒಂದು ಹೊಸದು ಎಂದು ಜೋಡಿಸಿದರೂ ಇಂಥದೇ ಅಸಮತೋಲ ಹುಟ್ಟುತ್ತದೆ. ಬದಲಿಸಲೇಬೇಕಾದಾಗ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಒಂದೇ ವಯಸ್ಸಿನ ಜೋಡಿಯನ್ನೇ ಹಾಕಬೇಕೆನ್ನುವುದು ಇದಕ್ಕಾಗಿಯೇ.

ಈಗ ಬ್ಯಾಟರಿಯ ದೋಷವೋ ಲಾರಿಯ ದೋಷವೋ ಎಂಬುದನ್ನು ಬಿಡಿಸಿಕೊಳ್ಳಬೇಕು. ಎರಡನ್ನೂ ಬಿಚ್ಚಿ, 12 ವೋಲ್ಟ್ ಚಾರ್ಜರ್‌ನಿಂದ ಒಂದೊಂದನ್ನೇ ಪೂರ್ತಿ ಚಾರ್ಜ್ ಮಾಡಬೇಕು. ಚಾರ್ಜಿಂಗ್ ಕರೆಂಟ್ ಸಾಮರ್ಥ್ಯದ ಹತ್ತನೆಯ ಒಂದರಷ್ಟಿದ್ದರೆ ಸಾಕು. 120 ಆಂಪಿಯರ್-ಗಂಟೆಯ ಬ್ಯಾಟರಿಗೆ 12 ಆಂಪಿಯರ್. ರಾತ್ರಿಯೆಲ್ಲ ಬಿಟ್ಟು ಅಳೆದು, ಅಂಕಿ ಬರೆದಿಟ್ಟು, ಯಾವುದಕ್ಕೂ ಜೋಡಿಸದೆ ಎರಡು ಮೂರು ದಿನ ಇಟ್ಟು ಮತ್ತೆ ಅಳೆಯಬೇಕು. ಯಾವ ವೈರೂ ಇಲ್ಲದೆ ಕುಳಿತ ಬ್ಯಾಟರಿ 12.7ರಿಂದ 12.3ಕ್ಕೆ ಇಳಿದರೆ ದೋಷ ಅದರ ಒಳಗಿದೆ. 12.6ರ ಮೇಲೆಯೇ ನಿಂತಿದ್ದರೆ ತನಿಖೆ ಲಾರಿಯ ಕಡೆಗೆ ತಿರುಗಬೇಕು. ಬ್ಯಾಟರಿ ಚೆನ್ನಾಗಿ ಚಾರ್ಜ್ ಆದ ಮೇಲೂ 10.5 ವೋಲ್ಟ್ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದೇ ಅರ್ಥ.

ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದನ್ನು ಇನ್ನೂ ಖಚಿತಪಡಿಸುತ್ತದೆ. ಪೂರ್ತಿ ಚಾರ್ಜಿನಲ್ಲಿ ದ್ರವದ ಸಾಪೇಕ್ಷ ಸಾಂದ್ರತೆ, ತಯಾರಕರು ಹೇಳುವಂತೆ, 1.240ರಿಂದ 1.280ರ ನಡುವೆ ಇರಬೇಕು. ಅಂಕಿ ಎಷ್ಟೆಂಬುದಕ್ಕಿಂತ ಆರು ಸೆಲ್‌ಗಳಲ್ಲಿ ಅದು ಸಮನಾಗಿದೆಯೇ ಎಂಬುದು ಹೆಚ್ಚು ಮುಖ್ಯ. ಐದು ಸೆಲ್ 1.240 ತೋರಿಸಿ ಒಂದು 1.150 ತೋರಿಸಿದರೆ ಆ ಬ್ಯಾಟರಿಯನ್ನು ನಂಬುವಂತಿಲ್ಲ. ಎಲ್ಲವೂ ಒಂದೇ ಸಮನೆ ತಗ್ಗಿದ್ದರೆ ಅದಕ್ಕೆ ಬೇಕಿರುವುದು ಚಾರ್ಜ್ ಮಾತ್ರ. ಸಾಂದ್ರತೆ ಕಡಿಮೆಯಿದೆಯೆಂದು ಆ್ಯಸಿಡ್ ಸುರಿಯುವುದು ಹಾನಿಕರ. ಆ್ಯಸಿಡ್ ಎಲ್ಲಿಗೂ ಹೋಗಿರುವುದಿಲ್ಲ. ಅದು ಸಲ್ಫೇಟಾಗಿ ಫಲಕಗಳಲ್ಲಿದೆ, ಚಾರ್ಜ್ ಆದಾಗ ಮರಳಿ ದ್ರವಕ್ಕೆ ಬರುತ್ತದೆ.

ಬ್ಯಾಟರಿ ಸರಿಯಿದೆ ಎಂದಾದ ಮೇಲೆ, ನಿಂತ ಲಾರಿಯಲ್ಲಿ ಹರಿಯುವ ಕರೆಂಟನ್ನು ಅಳೆಯಬೇಕು. ಈ ಲೆಕ್ಕ ಸುಲಭ. 50 ಮಿಲಿಆಂಪಿಯರ್ ದಿನಕ್ಕೆ 1.2 ಆಂಪಿಯರ್-ಗಂಟೆ ತಿನ್ನುತ್ತದೆ. 120 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧಕ್ಕೆ ಇಳಿಯಲು 50 ದಿನ ಬೇಕು. ಅದೇ ಒಂದು ಆಂಪಿಯರ್ ಹರಿದರೆ ಎರಡೂವರೆ ದಿನ ಸಾಕು. ಇಸಿಯು, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ, ಇಲ್ಲದ ಹಳೆಯ ಲಾರಿಯಲ್ಲಿ ಈ ಕರೆಂಟ್ ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಹೊಸ ಲಾರಿಗಳಲ್ಲಿ ಇಸಿಯು, ಗಡಿಯಾರ, ಜಿಪಿಎಸ್ ಸಾಧನ ಇವುಗಳಿಂದಾಗಿ ಕೆಲವು ಹತ್ತು ಮಿಲಿಆಂಪಿಯರ್ ಸಹಜ. ನೂರನ್ನು ದಾಟಿದರೆ ಕಾರಣ ಹುಡುಕುವುದು ಲೇಸು.

ಅಳೆಯುವ ಮುನ್ನ ಕೀಲಿ ತೆಗೆದು, ಬಾಗಿಲು ಮುಚ್ಚಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಕೀಲಿ ತೆಗೆದ ತಕ್ಷಣ ಇಸಿಯುಗಳು ಮಲಗುವುದಿಲ್ಲವಾದ್ದರಿಂದ ಆ ಹೊತ್ತಿನ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಕ್ಲಾಂಪ್ ಮೀಟರ್ ಇದ್ದರೆ ವೈರು ಬಿಚ್ಚದೆ ಅಳೆಯಬಹುದು. ಮಲ್ಟಿಮೀಟರ್ ಮಾತ್ರವಿದ್ದರೆ ಅದನ್ನು 10 ಆಂಪಿಯರ್ ಸ್ಥಾನಕ್ಕಿಟ್ಟು, ಒಂದು ಕಡ್ಡಿಯನ್ನು ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಅದರ ಕೇಬಲ್ಲಿಗೂ ಹಿಡಿದುಕೊಂಡೇ ಕೇಬಲ್ಲನ್ನು ಮೆಲ್ಲಗೆ ಎಬ್ಬಿಸಬೇಕು. ಆಗ ಸಂಪರ್ಕ ಕಡಿಯದೆ ಕರೆಂಟ್ ಮೀಟರಿನ ಮೂಲಕ ಹರಿಯುತ್ತದೆ, ಇಸಿಯುಗಳು ಮತ್ತೆ ಎಚ್ಚರಗೊಳ್ಳುವುದಿಲ್ಲ. ಈ ಸ್ಥಿತಿಯಲ್ಲಿ ಕೀಲಿ ತಿರುಗಿಸಲೇಬಾರದು. ತಿರುಗಿಸಿದರೆ ಮೀಟರಿನ ಫ್ಯೂಸು ಹಾರುತ್ತದೆ.

ಯಾವ ಕೇಬಲ್ಲಿನಲ್ಲಿ ಅಳೆಯುತ್ತೇವೆ ಎಂಬುದು 24 ವೋಲ್ಟಿನ ಲಾರಿಯಲ್ಲಿ ಬಹಳ ಮುಖ್ಯ. ಎರಡನೆಯ ಬ್ಯಾಟರಿಯ ಪಾಸಿಟಿವ್ ಕೇಬಲ್ಲಿನಲ್ಲಿ ಕಾಣುವುದು 24 ವೋಲ್ಟಿನ ಉಪಕರಣಗಳ ಕರೆಂಟ್ ಮಾತ್ರ. ನಡುವಿನಿಂದ ತೆಗೆದ 12 ವೋಲ್ಟಿನ ಕರೆಂಟ್ ಅಲ್ಲಿ ಹಾಯುವುದೇ ಇಲ್ಲ. ಅದು ಮೊದಲ ಬ್ಯಾಟರಿಯ ನೆಗೆಟಿವ್‌ನಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ಎರಡೂ ಕಡೆ ಅಳೆಯಬೇಕು. ಪಾಸಿಟಿವ್‌ನಲ್ಲಿ 40 ಮಿಲಿಆಂಪಿಯರ್, ನೆಗೆಟಿವ್‌ನಲ್ಲಿ 640 ಬಂದರೆ, ವ್ಯತ್ಯಾಸದ 600 ಮಿಲಿಆಂಪಿಯರ್ ನಡುಗೊಂಡಿಯಿಂದಲೇ ಹೋಗುತ್ತಿದೆ ಎಂಬುದು ಒಂದು ಫ್ಯೂಸನ್ನೂ ಕೀಳದೆ ತಿಳಿದಂತಾಯಿತು. ನೆಗೆಟಿವ್ ಕಂಬಕ್ಕೆ ದಪ್ಪ ಕೇಬಲ್ಲಿನ ಜೊತೆಗೆ ಸಣ್ಣ ವೈರುಗಳನ್ನೂ ನಟ್ಟಿನಡಿ ಸಿಕ್ಕಿಸಿರುತ್ತಾರೆ. ಅವೂ ಅಳತೆಯೊಳಗೆ ಬರುವಂತೆ ನೋಡಿಕೊಳ್ಳಬೇಕು.

ಹೆಚ್ಚಿನ ಕರೆಂಟ್ ಕಂಡರೆ ಅದು ಯಾವ ದಾರಿಯದೆಂದು ಹುಡುಕಬೇಕು. ಹಳೆಯ ಲಾರಿಯಲ್ಲಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಅಂಕಿ ಇಳಿಯುವುದನ್ನು ನೋಡಬಹುದು. ಇಸಿಯು ಇರುವ ಲಾರಿಯಲ್ಲಿ ಫ್ಯೂಸು ಕಿತ್ತು ಹಾಕುವುದೇ ಉಪಕರಣವನ್ನು ಎಚ್ಚರಿಸುವುದರಿಂದ, ಫ್ಯೂಸಿನ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೆ ಮೀಟರ್ ಹಿಡಿದು ಮಿಲಿವೋಲ್ಟ್ ನೋಡುವುದು ಒಳ್ಳೆಯ ವಿಧಾನ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ ಬರುತ್ತದೆ. ಒಂದರಲ್ಲಿ ಕಾಲಂಶ ಮಿಲಿವೋಲ್ಟ್ ಕಂಡರೂ ಆ ದಾರಿಯಲ್ಲಿ ಕರೆಂಟ್ ಇದೆ. ಫ್ಯೂಸು ಪೆಟ್ಟಿಗೆಯಲ್ಲಿ ಏನೂ ಸಿಗದಿದ್ದರೆ, ಆಮೇಲೆ ಸೇರಿಸಿ ಬ್ಯಾಟರಿಗೆ ನೇರ ಜೋಡಿಸಿದ ವೈರುಗಳು, ಅಂಟಿಕೊಂಡ ರಿಲೇ, ಮಳೆನೀರು ಹೊಕ್ಕ ಟ್ರೇಲರ್ ಸಾಕೆಟ್ಟು ಇವನ್ನು ನೋಡಬೇಕು. ಜಿಪಿಎಸ್ ಸಾಧನದ ಕರೆಂಟ್ ಒಂದೇ ಸಮನೆ ಇರುವುದಿಲ್ಲ, ನೆಟ್‌ವರ್ಕ್ ಸಿಗದ ಜಾಗದಲ್ಲಿ ಅದು ಹುಡುಕುತ್ತಲೇ ಇದ್ದು ಹೆಚ್ಚು ಎಳೆಯುತ್ತದೆ. ಒಂದು ಕ್ಷಣದ ಅಂಕಿ ನೋಡಿ ಬಿಡದೆ ಹತ್ತು ಹದಿನೈದು ನಿಮಿಷ ಗಮನಿಸಬೇಕು.

ಆಲ್ಟರ್ನೇಟರಿನ ಡಯೋಡು ಸೋರುವುದು ಸುಲಭವಾಗಿ ಕಣ್ತಪ್ಪುವ ಕಾರಣ, ಏಕೆಂದರೆ ಅದರ ದಪ್ಪ ಪಾಸಿಟಿವ್ ವೈರು ಸಾಮಾನ್ಯವಾಗಿ ಫ್ಯೂಸು ಪೆಟ್ಟಿಗೆಯನ್ನು ಹಾಯದೆ ಬ್ಯಾಟರಿಯ ಕಡೆಗೆ ಹೋಗುತ್ತದೆ. ಎಂಜಿನ್ ತಣ್ಣಗಿರುವ ಬೆಳಗಿನಲ್ಲಿ ಆಲ್ಟರ್ನೇಟರಿನ ಮೈ ಮುಟ್ಟಿದಾಗ ಬೆಚ್ಚಗಿದ್ದರೆ ಅದರಲ್ಲಿ ರಾತ್ರಿಯಿಡೀ ಕರೆಂಟ್ ಹರಿದಿದೆ. ಆ ವೈರಿಗೆ ಕ್ಲಾಂಪ್ ಹಾಕಿ ಇದನ್ನು ಖಚಿತಪಡಿಸಿಕೊಳ್ಳಬಹುದು.

ಚಾರ್ಜಿಂಗ್ ಪರೀಕ್ಷೆಗೆ ಎಂಜಿನ್ನನ್ನು 1500 ಆರ್‌ಪಿಎಂ ಸುತ್ತಮುತ್ತ ಓಡಿಸಿ ಬ್ಯಾಟರಿ ತುದಿಗಳಲ್ಲಿ ಅಳೆಯಬೇಕು. 27.5ರಿಂದ 28.8ರವರೆಗೆ ಸರಿ, ಹೆಡ್‌ಲೈಟ್ ಹಾಕಿದರೂ 27ರ ಕೆಳಗೆ ಬೀಳಬಾರದು, 29.5 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಆಲ್ಟರ್ನೇಟರಿನ ಬಳಿ 28.4 ಇದ್ದು ಬ್ಯಾಟರಿಯಲ್ಲಿ 27.2 ಮಾತ್ರ ಸಿಕ್ಕರೆ ನಡುವಿನ ಕೇಬಲ್ಲು, ಅರ್ಥ್ ಪಟ್ಟಿ ಅಥವಾ ಬಿಳಿ-ಹಸಿರು ಪುಡಿ ಕಟ್ಟಿದ ಟರ್ಮಿನಲ್ ದಾರಿಯಲ್ಲೇ ವೋಲ್ಟೇಜ್ ನುಂಗುತ್ತಿದೆ. ಕೆಟ್ಟ ಟರ್ಮಿನಲ್ ನಿಂತ ಬ್ಯಾಟರಿಯನ್ನು ತಾನಾಗಿ ಇಳಿಸುವುದಿಲ್ಲ, ಆದರೆ ಅದನ್ನು ಎಂದೂ ತುಂಬಗೊಡುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿ ಒಂದೆರಡು ಗಂಟೆ ಓಡಿಸಿದರೆ ತುಂಬುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ತುಂಬುತ್ತ ಬಂದಂತೆ ಬ್ಯಾಟರಿ ಸ್ವೀಕರಿಸುವ ಕರೆಂಟ್ ಕಡಿಮೆಯಾಗುವುದರಿಂದ ಕೊನೆಯ ಕಾಲು ಭಾಗಕ್ಕೇ ಹಲವು ಗಂಟೆ ಹಿಡಿಯುತ್ತದೆ.

ಬಿಸಿಲಿನ ಪಾಲನ್ನೂ ಮರೆಯುವಂತಿಲ್ಲ. ತಾಪಮಾನ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬಯಲಿನಲ್ಲಿ ನಿಂತ ಲಾರಿಯ ಬ್ಯಾಟರಿ ಮಡಿಕೇರಿಯಲ್ಲಿ ನಿಂತದ್ದಕ್ಕಿಂತ ಬಹಳ ಬೇಗ ಇಳಿಯುವುದು ಸಹಜ. ಬ್ಯಾಟರಿಯ ಮೇಲ್ಭಾಗದಲ್ಲಿ ಧೂಳೂ ಆ್ಯಸಿಡ್ ಪಸೆಯೂ ಸೇರಿದರೆ ಅದರ ಮೂಲಕವೂ ಕರೆಂಟ್ ಸೋರುತ್ತದೆ: ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಕಂಬಕ್ಕಿಟ್ಟು ಕೆಂಪು ಕಡ್ಡಿಯನ್ನು ಮುಚ್ಚಳದ ಮೇಲೆ ಆಡಿಸಿದಾಗ ವೋಲ್ಟೇಜ್ ಕಂಡರೆ, ಅಡುಗೆ ಸೋಡಾ ಕದಡಿದ ನೀರಿನಿಂದ, ಒಳಗೆ ಹನಿಯೂ ಬೀಳದಂತೆ, ತೊಳೆದು ಒರೆಸಬೇಕು. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟ್ ಗಟ್ಟಿಯಾಗಿ ಚಾರ್ಜಿಗೆ ಕರಗದಂತಾಗುತ್ತದೆ, ಆದ್ದರಿಂದ ಕಾರಣ ಹುಡುಕುವುದು ತಡವಾದರೂ ಚಾರ್ಜ್ ಮಾಡುವುದು ತಡವಾಗಬಾರದು.

ಕೆಲಸಕ್ಕೆ ಇಳಿಯುವ ಮುನ್ನ ಚಕ್ರಕ್ಕೆ ಅಡೆ ಕೊಡಬೇಕು, ಬಿಚ್ಚುವಾಗ ಮೊದಲು ಅರ್ಥ್ ಕೇಬಲ್, ಜೋಡಿಸುವಾಗ ಕೊನೆಗೆ ಅರ್ಥ್ ಕೇಬಲ್. ಚಾರ್ಜಿನಲ್ಲಿರುವ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯುವುದರಿಂದ ಹತ್ತಿರದಲ್ಲಿ ಬೀಡಿ ಸಿಗರೇಟು ಸಲ್ಲದು. ಬೇರೆ ಗಾಡಿಯಿಂದ ಕರೆಂಟ್ ಪಡೆಯುವುದಾದರೆ ಅದೂ 24 ವೋಲ್ಟಿನ ಗಾಡಿಯೇ ಆಗಿರಬೇಕು. ಏರ್ ಬ್ರೇಕಿನ ಲಾರಿ ಬಹಳ ದಿನ ನಿಂತರೆ ಗಾಳಿ ಇಳಿದು ಸ್ಪ್ರಿಂಗ್ ಬ್ರೇಕು ಚಕ್ರ ಹಿಡಿದಿರುತ್ತದೆ; ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ಅಲ್ಲಿ ನಡೆಯುವುದಿಲ್ಲ.

ಲಾರಿಯನ್ನು ದೀರ್ಘಕಾಲ ನಿಲ್ಲಿಸುವಾಗ ಬ್ಯಾಟರಿಯ ಸಂಪರ್ಕ ಕಡಿಯುವ ಕಟ್ ಆಫ್ ಸ್ವಿಚ್ ಬಳಸುವುದು ಒಳ್ಳೆಯದೇ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಎಂಜಿನ್ ನಿಂತ ಮೇಲೂ, ಹೊಗೆಯ ಮಾಲಿನ್ಯ ತಗ್ಗಿಸಲು ಇರುವ ಯೂರಿಯಾ ದ್ರವದ ಪಂಪು ಕೊಳವೆಯಲ್ಲಿ ಉಳಿದ ದ್ರವವನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಆ ಕೆಲಸ ಮುಗಿಯಲು ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದು ಆಮೇಲೆ ಸ್ವಿಚ್ ಆಫ್ ಮಾಡಬೇಕು. ಸ್ವಿಚ್ಚಿಗಿಂತ ಮೊದಲೇ ಬ್ಯಾಟರಿಗೆ ಜೋಡಿಸಿದ ವೈರುಗಳಿಗೆ ಅದರಿಂದ ತಡೆಯಿಲ್ಲವೆಂಬುದೂ ನೆನಪಿರಲಿ. ಎಐಎಸ್-140 ಮಾನದಂಡದ ಜಿಪಿಎಸ್ ಸಾಧನ ಇದ್ದರೆ ಬ್ಯಾಟರಿ ಕಳಚಿದ ಕೂಡಲೆ ಅದು ಎಚ್ಚರಿಕೆಯ ಸಂದೇಶ ಕಳಿಸುತ್ತದೆ. ಅಂಥ ಲಾರಿಯಲ್ಲಿ ಸಾಧನ ಬಿಚ್ಚುವ ಬದಲು ಎರಡು ವಾರಕ್ಕೊಮ್ಮೆ ಬ್ಯಾಟರಿಗಳನ್ನು ಒಂದೊಂದಾಗಿ ಚಾರ್ಜ್ ಮಾಡುವುದೇ ಸರಿ. ದುರಸ್ತಿ ಮಾಡಿಸಿದ ಮೇಲೆ ಲಾರಿಯನ್ನು ಮೂರು ದಿನ ನಿಲ್ಲಿಸಿ, ದಿನವೂ ಬೆಳಿಗ್ಗೆ ಎರಡು ಬ್ಯಾಟರಿಗಳ ವೋಲ್ಟೇಜನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಎರಡೂ 12.6ರ ಆಸುಪಾಸಿನಲ್ಲಿ ನಿಂತು, ಅವುಗಳ ನಡುವಿನ ಅಂತರ 0.1 ವೋಲ್ಟ್ ಮೀರದಿದ್ದರೆ ದೋಷ ನಿಜವಾಗಿ ಸಿಕ್ಕಿದೆ. ಒಂದು ಮತ್ತೆ ಹಿಂದೆ ಬಿದ್ದರೆ ನಡುಗೊಂಡಿಯ ವೈರುಗಳಿಗೆ ಇನ್ನೊಮ್ಮೆ ಕ್ಲಾಂಪ್ ಹಾಕಬೇಕು.